ಕ್ಯೂಗೊಂದು ಚಾವಣಿ

ಥೀಮ್ ಪಾರ್ಕಿನ ಮಾಲೀಕ ವಸಿಷ್ಠ ನಕ್ಷೆಯ ಮೇಲೆ ಮೂರನೇ ಸಲ ಕೆಂಪು ಗೀಟೆಳೆದಾಗ ಶರ್ವಾಣಿಗೆ ಮೈಯೆಲ್ಲ ಉರಿದುಹೋಯಿತು. ಜನ ಕ್ಯೂ ನಿಲ್ಲುವ ಜಾಗಕ್ಕೆಂದು ಅವಳು ಬರೆದಿದ್ದ ಉದ್ದನೆಯ ಚಾವಣಿಯನ್ನು ಅವನು ಮತ್ತೆ ಹೊಡೆದುಹಾಕಿದ್ದ.

"ಜನ ಬರೋದು ರೋಲರ್ ಕೋಸ್ಟರ್‌ಗೆ, ನೆರಳಿಗಲ್ಲ. ಒಂದು ಗಂಟೆ ಬಿಸಿಲಲ್ಲಿ ನಿಂತ್ರೆ ಯಾರೂ ಕರಗಿ ಹೋಗಲ್ಲ. ನೀವು ಡಿಸೈನರ್ ಮೇಡಂ, ಅವರಮ್ಮ ಅಲ್ಲ."

ಹಾಗೆನ್ನುತ್ತ ಅವನು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದುಕೊಳ್ಳಲು ಬಗ್ಗಿದ. ಅವನ ಭುಜದಿಂದ ಒಂದು ಹೊಂಗೆ ಹೂವು ನಕ್ಷೆಯ ಮೇಲೆ ಉದುರಿತು. ಶರ್ವಾಣಿ ಅದನ್ನೇ ನೋಡಿದಳು. ಜಯನಗರದ ಅವಳ ಆಫೀಸಿನ ಮುಂದೆ ಒಂದು ಮರವೂ ಇರಲಿಲ್ಲ. ಹೊಂಗೆ ಸಾಲು ಇದ್ದದ್ದು ರಸ್ತೆಯ ಆ ತುದಿಯಲ್ಲಿ.

"ಗೇಟ್ ಮುಂದೇನೇ ನಿಮಗೆ ಅಂತ ಜಾಗ ಬಿಡಿಸಿದ್ನಲ್ಲ ಸಾರ್. ಕಾರು ಅಷ್ಟು ದೂರ ಯಾಕೆ ನಿಲ್ಲಿಸಿದ್ರಿ?"

"ಇಲ್ಲಿ ರಣಬಿಸಿಲು ಕಣ್ರೀ! ಅರ್ಧ ಗಂಟೆ ಬಿಟ್ರೆ ಸೀಟ್ ಮುಟ್ಟಕ್ಕಾಗಲ್ಲ. ಅಪ್ಪಟ ಲೆದರ್ ಅದು, ಹಾಳಾಗುತ್ತೆ."

ಶರ್ವಾಣಿ ಪೆನ್ಸಿಲ್ ತೆಗೆದುಕೊಂಡು, ಚಾವಣಿಯ ಕೆಳಗಿದ್ದ 'ಜನರ ಕ್ಯೂ' ಎಂಬುದನ್ನು ಹೊಡೆದುಹಾಕಿ, 'ಕಾರ್ ಪಾರ್ಕಿಂಗ್' ಎಂದು ದಪ್ಪಗೆ ಬರೆದಳು. ನಕ್ಷೆಯನ್ನು ಹೂವಿನ ಸಮೇತ ಅವನತ್ತ ತಳ್ಳಿದಳು.

"ಈಗ ನೆರಳು ಕೊಡ್ತೀರಾ ಸಾರ್?"