ಹದಿನೇಳು ಸೆಕೆಂಡಿನ ಓಟ

ತಂತಿ ಸಡಿಲವಾಗಿತ್ತೇ? ಅಥವಾ ತಾನು ಬರೆದ ಪ್ರೋಗ್ರಾಂನಲ್ಲೇ ಒಂದು ಸಾಲು ತಪ್ಪಿತ್ತೇ? ನಿಲ್ಲು ಎಂದರೆ ನಿಲ್ಲದ ಗಾಡಿಯೊಂದನ್ನು, ಕೈಯೂ ಕಾಲೂ ಆಡದ ಮನುಷ್ಯನ ಕೆಳಗೆ ಇಟ್ಟುಬಿಟ್ಟೆನೇ?

ವಗ್ದಿ ಒಂದು ವಾರದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದ. ಬಯೂಮಿಯ ಗಾಲಿಕುರ್ಚಿ ಅವನ ರಿಪೇರಿ ಅಂಗಡಿಯಲ್ಲಿ ನಿಂತಿತ್ತು. ಮುಚ್ಚಳ ಬಿಚ್ಚಲು ಕೈ ಬರುತ್ತಿರಲಿಲ್ಲ.

ಬಯೂಮಿ ಅಲೆಕ್ಸಾಂಡ್ರಿಯದ ಅದೇ ಓಣಿಯಲ್ಲಿ ದೋಣಿ ಕಟ್ಟುತ್ತಿದ್ದವನು. ಅಟ್ಟಣಿಗೆಯಿಂದ ಬಿದ್ದ ಮೇಲೆ ಕುತ್ತಿಗೆಯ ಕೆಳಗೆ ಏನೂ ಅಲುಗುತ್ತಿರಲಿಲ್ಲ. ಯಾರೋ ಕೊಟ್ಟ ಮೋಟಾರು ಕುರ್ಚಿಯ, ಕೈಯಿಂದ ಆಡಿಸುವ ಜಾಯ್‌ಸ್ಟಿಕ್‌ನಿಂದ ಅವನಿಗೆ ಉಪಯೋಗವಿರಲಿಲ್ಲ. ವಗ್ದಿ ಅದನ್ನು ಕಿತ್ತು, ಅದರ ಜಾಗದಲ್ಲಿ ಮೈಕ್ರೋಕಂಟ್ರೋಲರ್ ಎಂಬ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಕೂರಿಸಿದ್ದ. ಬಯೂಮಿಯ ಟೋಪಿಗೆ ಒಂದು ಸೆನ್ಸರ್ ಹೊಲಿದಿದ್ದ. ತಲೆ ಬಾಗಿಸಿದರೆ ಮುಂದೆ, ವಾಲಿಸಿದರೆ ತಿರುವು, ನೆಟ್ಟಗೆ ಎತ್ತಿದರೆ ನಿಲುಗಡೆ.

ಮೊದಲ ದಿನವೇ ಬಯೂಮಿ ಕೇಳಿದ್ದ. “ಇದು ತಾನಾಗೇ ಓಡಿಬಿಡೋದು ಉಂಟೇನೋ?”

“ಇಲ್ಲ ಮಾವ. ಹೆದರಬೇಡಿ.”

“ಯಂತ್ರ ಅಲ್ವೇನೋ, ಯಾರು ಕಂಡೋರು. ಓಡಿದ್ರೆ ಯಾರ ತಪ್ಪು ಅಂತಾರೆ?”

“ನಂದೇ ಅಂತಾರೆ, ಇನ್ಯಾರದು?”

ಮಂಗಳವಾರ ಅದು ಓಡಿತು.

ಶುಕ್ರವಾರಕ್ಕೆ ಮಾತ್ರ ಗಡ್ಡ ಹೆರೆಸಿಕೊಳ್ಳುತ್ತಿದ್ದ ಬಯೂಮಿ ಅಂದು ಹೆಂಡತಿಯ ಕೈಯಲ್ಲಿ ನುಣ್ಣಗೆ ಹೆರೆಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೊಟ್ಟು ಬಾಗಿಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. “ಹಿಡೀರೋ! ಹುಚ್ಚು ಹಿಡೀತು ಈ ಗಾಡಿಗೆ!” ಅವನ ಕೂಗು ಕೇಳಿ ವಗ್ದಿ ಹೊರಗೆ ಬಂದಾಗ ಕುರ್ಚಿ ಓಣಿಯಲ್ಲಿ ಧಾವಿಸುತ್ತಿತ್ತು. ಚಹಾ ತಟ್ಟೆ ಹೊತ್ತವನ ಪಕ್ಕದಲ್ಲೇ ನುಸುಳಿತು. ಒಂದು ಲೋಟವೂ ಉರುಳಲಿಲ್ಲ. ಬಾಯಿ ತೆರೆದಿದ್ದ ಮ್ಯಾನ್‌ಹೋಲ್‌ನ ಅಂಚು ಸವರಿತು. ಝಕಿಯ ಕಾಫಿ ಅಂಗಡಿಯ ಬಾಗಿಲು ದಾಟಿ, ಉರಿಯುವ ಒಲೆಗೆ ಗೇಣು ದೂರದಲ್ಲಿ ನಿಂತಿತು.

ಝಕಿ ಬಯೂಮಿಯ ತಮ್ಮ. ಅಪ್ಪನ ದೋಣಿ ಮಾರಿದ ಜಗಳದಲ್ಲಿ ಒಂಬತ್ತು ವರ್ಷದಿಂದ ಮಾತಿಲ್ಲ. ಮೊದಲು ಇನ್ನೊಬ್ಬನ ಬಾಗಿಲು ತುಳಿದವನೇ ತಪ್ಪೊಪ್ಪಿದಂತೆ ಎಂದು ಇಬ್ಬರೂ ಓಣಿಯ ಹಿರಿಯರೆದುರು ಆಣೆಯಿಟ್ಟಿದ್ದರು. ಅಣ್ಣ ಬಿದ್ದಾಗಲೂ ಝಕಿ ಬಂದಿರಲಿಲ್ಲ. ಮೂರು ದಿನ ಅಂಗಡಿ ಮುಚ್ಚಿದ್ದ, ಅಷ್ಟೇ.

ಅಂದು ಅವನು ಓಡಿಬಂದು ಅಣ್ಣನ ತಲೆಯನ್ನು ಎದೆಗೆ ಒತ್ತಿಕೊಂಡ. “ಪೆಟ್ಟಾಯ್ತೇನಣ್ಣಾ?”

“ನಾನ್ ಬರ್ಲಿಲ್ಲ ಕಣೋ. ಈ ದರಿದ್ರ ಗಾಡಿ ತಂತು.”

“ಅದಕ್ಕಿರೋ ಬುದ್ಧಿ ನಮಗಿಲ್ಲ,” ಎಂದು ಝಕಿ ಅತ್ತುಬಿಟ್ಟ.

ಓಣಿಗೆ ಓಣಿಯೇ ಸಂಭ್ರಮಪಟ್ಟಿತು. ವಗ್ದಿಗೆ ಮಾತ್ರ ಕಣ್ಣು ಮುಚ್ಚಿದರೆ ಆ ಮ್ಯಾನ್‌ಹೋಲ್ ಕಾಣುತ್ತಿತ್ತು. ಮರುದಿನವೇ ನಗ್ಲಾ ಎಂಬ ಹುಡುಗಿಯ ತಾಯಿ ಬಂದಳು. ಮಗಳ ಕುರ್ಚಿಯನ್ನೂ ಹೀಗೇ ಬದಲಿಸಿಕೊಡೆಂದು ತಂದಿಟ್ಟಿದ್ದವಳು, ಅದನ್ನು ತಳ್ಳಿಕೊಂಡು ಹಿಂದಿರುಗಿದಳು.

“ನಿನ್ನ ಮೇಲೆ ಕೋಪ ಇಲ್ಲಪ್ಪ. ಆದ್ರೆ ನನಗಿರೋದು ಅವಳೊಬ್ಳೇ.”

ಕೊನೆಗೂ ಅವನು ಮುಚ್ಚಳ ಬಿಚ್ಚಿದ. ತಂತಿ ಬಿಗಿಯಾಗಿತ್ತು. ಬೆಸುಗೆಗಳು ಸರಿಯಿದ್ದವು. ಆಗ ನೆನಪಾಯಿತು: ತಲೆಯ ಪ್ರತಿ ಬಾಗನ್ನೂ, ಚಕ್ರಕ್ಕೆ ಹೋದ ಪ್ರತಿ ಆಜ್ಞೆಯನ್ನೂ ದಾಖಲಿಸುವಂತೆ, ಪರೀಕ್ಷೆಗೆಂದು, ತಾನೇ ಬರೆದಿದ್ದ. ಅಳಿಸಲು ಮರೆತಿದ್ದ. ಲ್ಯಾಪ್‌ಟಾಪ್‌ಗೆ ಜೋಡಿಸಿದ. ಮಂಗಳವಾರದ ಹದಿನೇಳು ಸೆಕೆಂಡು ಪರದೆಯ ಮೇಲೆ ಬಂತು.

ತಲೆ ಮುಂದಕ್ಕೆ. ಎಡಕ್ಕೆ ತುಸು, ಅಲ್ಲಿ ಚಹಾದವನು. ಬಲಕ್ಕೆ, ಅಲ್ಲಿ ಮ್ಯಾನ್‌ಹೋಲ್. ಮತ್ತೆ ಮುಂದಕ್ಕೆ. ಬಾಗಿಲ ಬಳಿ ನಿಧಾನ. ಒಲೆಯ ಮುಂದೆ ತಲೆ ನೆಟ್ಟಗೆ. ಪ್ರತಿ ಬಾಗಿಗೂ ಒಂದು ಆಜ್ಞೆ. ತಲೆ ಹೇಳದ ಒಂದನ್ನೂ ಚಕ್ರ ಮಾಡಿರಲಿಲ್ಲ.

ಸಂಜೆ ಬಯೂಮಿಯ ಮನೆಗೆ ಕುರ್ಚಿ ತಳ್ಳಿಕೊಂಡು ಹೋದಾಗ, ಝಕಿ ಅಣ್ಣನ ಬಾಯಿಗೆ ಕಾಫಿ ಹಿಡಿಯುತ್ತಿದ್ದ.

“ಏನಾಗಿತ್ತೋ ಇದಕ್ಕೆ?” ಝಕಿ ಕೇಳಿದ.

ಬಯೂಮಿ ಕಾಫಿಯನ್ನು ಬಾಯಲ್ಲೇ ಇಟ್ಟುಕೊಂಡು ವಗ್ದಿಯನ್ನು ರೆಪ್ಪೆ ಮಿಟುಕಿಸದೆ ನೋಡಿದ.

“ನಂದೇ ತಪ್ಪು,” ಎಂದ ವಗ್ದಿ. “ಸರಿಮಾಡಿದೀನಿ.”

ಬಯೂಮಿ ಕಾಫಿ ನುಂಗಿದ.

ಕುರ್ಚಿಯಲ್ಲಿ ಯಾವ ದೋಷವೂ ಇರಲಿಲ್ಲವೆಂದು ವಗ್ದಿ ಯಾರಿಗೂ ಹೇಳಲಿಲ್ಲ. ನಗ್ಲಾಳ ತಾಯಿಗೂ ಹೇಳಲಿಲ್ಲ.