ಗೋಡೆ ದಾಟಿದ ವೈರು

ಮೋಡ ಮುಚ್ಚಿದ ಮಧ್ಯಾಹ್ನ. ವಸಂತಪುರದ ಆ ಬೀದಿಗೆಲ್ಲ ಕರೆಂಟು ಹೋಗಿತ್ತು. ರಾಮಯ್ಯನ ಮನೆ ಪಕ್ಕದ ಶೆಡ್ಡಿನಲ್ಲಿ ಮಾತ್ರ ದೀಪ ಝಗ್ಗನೆ ಉರಿಯುತ್ತಿತ್ತು.

ಸಿಕ್ಕಿಬಿದ್ದಳು ಕಳ್ಳಿ, ಅಂದುಕೊಂಡ ರಾಮಯ್ಯ.

ಶೆಡ್ಡು ಹಿಂದೆ ಅವನ ದನದ ಕೊಟ್ಟಿಗೆ. ಹೊಲ ಲೇಔಟಾಯಿತು, ದನ ಹೋದವು, ಕೊಟ್ಟಿಗೆಗೆ ಶೀಟು ಹಾಕಿಸಿ ಬಾಡಿಗೆಗೆ ಬಿಟ್ಟ. ಬಂದವಳು ಪ್ರೇರಣಾ, ಇಂಜಿನಿಯರ್ ಹುಡುಗಿ. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯವರು ಕತ್ತರಿಸಿ ಎಸೆದ ಕಾರ್ಬನ್ ಫೈಬರ್ ಚೂರುಗಳನ್ನು ಮೂಟೆಗಟ್ಟಲೆ ತರುತ್ತಾಳೆ. ಕುಲುಮೆಯಲ್ಲಿಟ್ಟು ಅದರ ಅಂಟು ಸುಡುತ್ತಾಳೆ. ಉಳಿದ ಕರಿ ನಾರನ್ನು ಹಾಕಿ ಬ್ಯಾಟರಿ ಮಾಡುತ್ತಾಳಂತೆ.

"ಕಸದಲ್ಲಿ ಕರೆಂಟ್ ಇರತ್ತೇನಮ್ಮ?" ಎಂದು ರಾಮಯ್ಯ ನಕ್ಕಿದ್ದ.

"ತುಂಬಿದ್ರೆ ಇರತ್ತೆ ಅಂಕಲ್. ಖಾಲಿಯಾದ್ರೆ ಮತ್ತೆ ತುಂಬಬಹುದು."

ಯಾರ ಕಿವಿಗೆ ಹೂವಿಡುತ್ತಾಳೆ ಇವಳು?

ಅವನಿಗೆ ಇದ್ದದ್ದು ಒಂದೇ ಚಿಂತೆ, ಹೆಂಡತಿ ಬೈರಮ್ಮ. ಶ್ವಾಸಕೋಶ ಸೋತು ಹಾಸಿಗೆ ಹಿಡಿದಿದ್ದಳು. ಮೂಗಿಗೆ ನಳಿಗೆ, ಮಂಚದ ಪಕ್ಕ ಹಗಲಿರುಳೂ ಓಡುವ ಆಕ್ಸಿಜನ್ ಮೆಷಿನ್. ಅದು ನಿಂತರೆ ಹೆಚ್ಚು ಹೊತ್ತು ತಡೆಯಲ್ಲ ಎಂದಿದ್ದರು ಡಾಕ್ಟರು. ಬೇಸಿಗೆಯಲ್ಲಿ ಕರೆಂಟು ಹೋದಾಗಲೆಲ್ಲ ಹಳೆಯ ಯುಪಿಎಸ್ ಕೀ ಕೀ ಎಂದು ಅರಚಿ ಜೀವ ಬಾಯಿಗೆ ತರುತ್ತಿತ್ತು. ರಾಮಯ್ಯ ಅದರ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಸುರಿದ. ಆಮೇಲೆ ಒಂದು ಸಲವೂ ಅರಚಲಿಲ್ಲ. ಎಲ್ಲ ತನ್ನ ಕೈಗುಣ ಎಂದು ಬೀಗಿದ್ದ.

ಇವತ್ತು ಬೆಳಿಗ್ಗೆ ನೋಡಿದರೆ, ಶೆಡ್ಡಿನ ಕಿಂಡಿಗೂ ಅವನ ಮನೆಯ ಕಿಟಕಿಗೂ ನಡುವೆ ಗೋಡೆ ದಾಟಿದ ಕಪ್ಪು ವೈರು! ಬೈರಮ್ಮನ ಉಸಿರಿಗೆಂದು ಇಟ್ಟ ಕರೆಂಟನ್ನು ಹೀರುತ್ತಿದ್ದಾಳೆ.

ಆಗಲೇ ಅವಳನ್ನು ಕೇಳಿದ್ದ. ಪ್ರೇರಣಾಳ ಮುಖ ಬಿಳಿಚಿಕೊಂಡಿತ್ತು.

"ಅದೊಂದನ್ನ ಮುಟ್ಬೇಡಿ ಅಂಕಲ್. ಯಾಕೆ ಅಂತ ಆಂಟಿನೇ ಕೇಳಿ. ನಾನು ಹೇಳೋ ಹಾಗಿಲ್ಲ."

ಕಾಯಿಲೆಯವಳನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾಳೆ! ಹೆಂಡತಿಯನ್ನು ಕೇಳಿ ನಡೆಯುವ ಅಭ್ಯಾಸ ರಾಮಯ್ಯನಿಗೆ ಎಂದೂ ಇರಲಿಲ್ಲ.

"ಆ ಮಗೀನ ತಂಟೆಗೆ ಹೋಗ್ಬ್ಯಾಡಿ," ಎಂದು ಬೈರಮ್ಮ ಏದುಸಿರಿನಲ್ಲೇ ಅಂದಿದ್ದಳು.

"ನೀ ಸುಮ್ಕೆ ಮಲಕ್ಕೊ. ನಿನ್ನ ಉಸ್ರು ಕಾಯಕ್ಕೆ ನಾನಿದೀನಿ."

ಈಗ ಪ್ರೇರಣಾ ಮೂಟೆ ತರಲು ಹೋಗಿದ್ದಳು. ರಾಮಯ್ಯ ಗೋಡೆಯ ಬಳಿ ನಿಂತು ಎರಡೂ ಕೈಯಲ್ಲಿ ವೈರು ಹಿಡಿದು ಜಗ್ಗಿದ. ಶೆಡ್ಡಿನ ಕಡೆಯಿಂದ ಪಿನ್ನು ಸಮೇತ ಕಿತ್ತು ಬಂತು.

ಅಲ್ಲಿ ಸದಾ ಕೇಳುತ್ತಿದ್ದ ಗುಂಯ್ ಸದ್ದು ನಿಂತಿತು. ಅವಳ ಯಾವುದೋ ಯಂತ್ರ ಇರಬೇಕು, ಪೀಡೆ ತೊಲಗಿತು. ಶೆಡ್ಡಿಗೆ ಬೆನ್ನು ಹಾಕಿ ಜಗಲಿಯಲ್ಲಿ ಕೂತ, ವೈರನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡ, ಎಲೆ ಅಡಿಕೆ ಮೆದ್ದ. ಆ ಮೌನದಲ್ಲಿ ಕಣ್ಣು ಹತ್ತಿತು.

ಗೇಟು ಕಿರುಗುಟ್ಟಿದಾಗ ಎಚ್ಚರವಾಯಿತು. ಪ್ರೇರಣಾ ಅವನ ಮಡಿಲನ್ನೇ ನೋಡುತ್ತ ನಿಂತಿದ್ದಳು. ಹೆಗಲ ಮೇಲಿನ ಮೂಟೆ ಕೆಳಗೆ ಬಿತ್ತು.

"ಯಾವಾಗ ಕಿತ್ರಿ?"

"ಆಗ್ಲೇ. ನಂದೊಂದು ನಿದ್ದೆ ಆಯ್ತು."

ಅವಳು ಶೆಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಕಾಲಲ್ಲೇ ಅವನ ಮನೆಯೊಳಗೆ ಓಡಿದಳು.

ರಾಮಯ್ಯ ಹಿಂದಿರುಗಿ ನೋಡಿದ. ಬೀದಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ಶೆಡ್ಡಿನ ದೀಪ ಮೊದಲಿನಂತೆಯೇ ಉರಿಯುತ್ತಿತ್ತು. ಸದ್ದು ನಿಂತದ್ದು ಬೈರಮ್ಮನ ಕೋಣೆಯಲ್ಲಿ, ಮಂಚದ ಪಕ್ಕದ ಮೆಷಿನ್ನಿನದು.