ಮುನಿದ ಎಂಜಿನ್ನಿಗೆ ಬ್ಯಾಡಗಿ ಮೆಣಸಿನಕಾಯಿ

ಎಂಜಿನ್ನುಗಳು ಎತ್ತುಗಳ ಹಾಗೆ ಮೇಯುತ್ತವೆ, ಮುನಿಯುತ್ತವೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಇಂಗ್ಲೆಂಡಿನವರು ಕೈಲಾಗದ್ದೆಂದು ಹುಬ್ಬಳ್ಳಿಗೆ ಸಾಗಹಾಕಿದ ಈ ಎಂಜಿನ್ನು ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಇವತ್ತೂ ಕದಲದಿದ್ದರೆ ಗುಜರಿಗೆ ಹಾಕಿಸುತ್ತೇನೆಂದು ರೈಲ್ವೆಯ ಇಂಗ್ಲಿಷ್ ಸಾಹೇಬ ಹಿಂದಿನ ಡಬ್ಬಿ ಹತ್ತಿ ಕೂತಿದ್ದ.

"ಪಾಪ, ದೃಷ್ಟಿ ಆಗೇತಿ," ಎಂದು ಡ್ರೈವರ್ ಫಕೀರಪ್ಪನ ಹೆಂಡತಿ ನೀಲವ್ವ ಹಿಡಿ ಮೆಣಸಿನಕಾಯಿ ನಿವಾಳಿಸಿ ಎಂಜಿನ್ನಿನ ಬೆಂಕಿಗೆ ಎಸೆದಳು.

ಘಾಟು ಬರಲೇ ಇಲ್ಲ. "ನೋಡ್ರಿ, ಎಷ್ಟ್ ದೃಷ್ಟಿ ಆಗಿತ್ತು!" ಎಂದಳು ನೀಲವ್ವ.

ಘಾಟನ್ನೆಲ್ಲ ಒಳಗೇ ಬಿಗಿಹಿಡಿದಿದ್ದ ಎಂಜಿನ್ನು ಆಗ ಸೀನಿತು. ಸೀನಿದ ರಭಸಕ್ಕೆ ಡಬ್ಬಿಯ ಸಮೇತ ಹಿಂದಕ್ಕೋಡಿತು. ಸೀನು ನಿಂತಾಗ ಧಾರವಾಡ ಬಂದಿತ್ತು.

ಸಾಹೇಬ ಟೊಪ್ಪಿಗೆ ಇಲ್ಲದೆ ಇಳಿದ. "ಗುಜರಿ ಬೇಡ, ಫಕೀರಪ್ಪ! ಮೆಣಸಿನಕಾಯಿ ಎಷ್ಟು ಬೇಕು, ಹೇಳು."

ಫಕೀರಪ್ಪ ವಿನಯದಿಂದ ಕೈಮುಗಿದ. "ಧಾರವಾಡಕ್ಕ ಒಂದ್ ಹಿಡಿ ಸಾಕ್ರಿ ಸಾಹೇಬ್ರ. ತಮ್ಮನ್ನ ಇಂಗ್ಲೆಂಡಿಗೆ ಮುಟ್ಟಸಾಕ ಒಂದ್ ಚೀಲ ಬೇಕಾಕ್ಕೈತ್ರಿ."